ಸುಳಿ ಹಿಡಿದು ನೋಡುವುದು

ಅನಾನಸಿನ ಜುಟ್ಟನ್ನು ಕತ್ತಿಯಲ್ಲಿ ಕೊಯ್ಯಬಾರದು. ಒಂದು ಕೈಯಲ್ಲಿ ಹಣ್ಣು ಹಿಡಿದು ಇನ್ನೊಂದರಲ್ಲಿ ಜುಟ್ಟನ್ನು ತಿರುಚಿದರೆ ಟಕ್ಕನೆ ಕಳಚಿ ಬರುತ್ತದೆ. ಕೆಳಗಿನ ನಾಲ್ಕೈದು ಸುತ್ತು ಎಲೆ ಸುಲಿದು ನೋಡಿ: ಬುಡದ ಸುತ್ತ ಕಂದುಬಣ್ಣದ ಪುಟ್ಟ ಪುಟ್ಟ ಬೇರಿನ ಮೊಳಕೆಗಳು. ಮಣ್ಣು ಮುಟ್ಟುವ ಮೊದಲೇ ಅದು ಬೇರು ಬಿಡಲು ತಯಾರಾಗಿ ಕೂತಿರುತ್ತದೆ. ಇದನ್ನು ಕಂಡ ದಿನದಿಂದ ಜುಟ್ಟನ್ನು ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸು ಬಂದಿಲ್ಲ.

ನಾನು ಮೊದಲು ನೆಟ್ಟ ಜುಟ್ಟು ಬನವಾಸಿಯ ಹಣ್ಣಿನದು. ಹಣ್ಣನ್ನು ಚಿಕ್ಕಮ್ಮ ಊರಿಂದ ತಂದಿದ್ದರು. ಜುಟ್ಟನ್ನು ನಾಲ್ಕು ದಿನ ನೆರಳಲ್ಲಿ ಆರಲು ಬಿಟ್ಟು ಬೆಂಗಳೂರಿನ ನಮ್ಮ ತಾರಸಿಯ ಕುಂಡದಲ್ಲಿ ನೆಟ್ಟೆ. ಮೂರು ತಿಂಗಳಿಗೆ ಹೋಯಿತು. ಹೊರಗಿನ ಎಲೆಗಳೆಲ್ಲ ಹಸಿರಾಗಿಯೇ ಇದ್ದವು, ನಡುವಿನ ಎಲೆ ಮಾತ್ರ ಮಂಕು. ಎರಡು ಬೆರಳಲ್ಲಿ ಹಿಡಿದೆಳೆದರೆ ಸುಳಿಗೆ ಸುಳಿಯೇ ಕೈಗೆ ಬಂತು. ಬುಡ ಬಿಳಿಚಿಕೊಂಡು ಮೆತ್ತಗಾಗಿತ್ತು, ಮೂಗಿನ ಹತ್ತಿರ ತರಲಾರದ ನಾತ. ಸುಳಿಕೊಳೆ. ಕುಂಡದಲ್ಲಿದ್ದದ್ದು ಜಿಗುಟು ಮಣ್ಣು, ಅದಕ್ಕೆ ದಿನಾ ಸಂಜೆ ನಾನು ಸುರಿದದ್ದು ತುಂಬಿದ ಚೊಂಬು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಅದೇನು ಕೆಸುವಿನ ಗಿಡವಾ ಮಾರಾಯ್ತಿ? ನಮ್ಮಲ್ಲಿ ಗುಡ್ಡದ ಇಳಿಜಾರಲ್ಲಿ ನೆಡ್ತಾರೆ. ಬುಡದಲ್ಲಿ ನೀರು ನಿಂತ್ರೆ ಉಳಿಯಲ್ಲ."

ಎರಡನೆಯ ಜುಟ್ಟಿಗೆ ಕೆಮ್ಮಣ್ಣು, ಮರಳು, ಕಳಿತ ದರಗಿನ ಗೊಬ್ಬರ ಬೆರೆಸಿದೆ. ನೀರು ವಾರಕ್ಕೊಮ್ಮೆ. ಅಷ್ಟರಲ್ಲೇ ಬದುಕುವ ಉಪಾಯ ಈ ಗಿಡಕ್ಕೆ ಗೊತ್ತು. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಜೊತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ಅನಾನಸ್ ಬಿಸಿಲಲ್ಲಿ ಬಾಗಿಲು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿಸಿ ಕೂಡಿಟ್ಟು, ಬೆಳಗಾದ ಮೇಲೆ ಅದರಿಂದಲೇ ಅಡುಗೆ. ದೋಣಿಯಂಥ ಎಲೆಗಳು ಇಬ್ಬನಿಯನ್ನೂ ಬುಡಕ್ಕೆ ಇಳಿಸಿಕೊಳ್ಳುತ್ತವೆ. ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದ ಗಿಡ, ಹೆಸರನ್ನೂ ಅಲ್ಲಿನ ಮೂಲನಿವಾಸಿಗಳ ಮಾತಿನಿಂದಲೇ ತಂದಿತು.

ವರ್ಷ ತುಂಬುವಾಗ ಹೊಸ ಎಲೆಗಳು ಹಳದಿಯಾದವು. ಅದಕ್ಕೆ ಕಾರಣ ನಮ್ಮ ಬೋರ್‌ವೆಲ್ ನೀರು. ಹುಳಿಮಣ್ಣು ಬಯಸುವ ಗಿಡಕ್ಕೆ ಸುಣ್ಣದ ಗಡಸುನೀರು ಕೊಟ್ಟರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗೊಬ್ಬರದಂಗಡಿಯ ಅನ್ನಭೇದಿಯನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಎಲೆಗೆ ಸಿಂಪಡಿಸಿದೆ, ಮಳೆನೀರು ಹಿಡಿದಿಟ್ಟು ಹಾಕಿದೆ. ಮುಂದೆ ಬಂದ ಎಲೆಗಳು ಹಸಿರಾಗಿದ್ದವು. ಆಮೇಲೊಮ್ಮೆ ಇರುವೆ ಸಾಲು ಹತ್ತಿತು. ಇರುವೆ ಅಲ್ವಾ ಅಂತ ಬಿಡಬಾರದು. ಎಲೆಯ ಸಂದಿಯಲ್ಲಿ ಬೆಳ್ಳಗೆ ಹಿಟ್ಟು ಉದುರಿಸಿದಂತಿರುವ ತಿಗಣೆಗಳನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ದು ಸಾಕುವವು ಇವೇ, ತಿಗಣೆ ಸುರಿಸುವ ಸಿಹಿಯಂಟಿನ ಆಸೆಗೆ. ತಿಗಣೆ ಹೆಚ್ಚಿದರೆ ಎಲೆಯ ತುದಿ ಕೆಂಪಾಗಿ ಕೆಳಗೆ ಬಾಗಿ ಗಿಡ ಸೊರಗುತ್ತದೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒಂದೊಂದೇ ಸಂದಿ ಒರೆಸಿದೆ. ಅಂಚಿನ ಮುಳ್ಳು ಗೀರಿ ಮೊಣಕೈವರೆಗೆ ಗೆರೆ ಬಿದ್ದವು.

ಎರಡು ವರ್ಷವಾದರೂ ಹೂವಿಲ್ಲ. ಹೊಗೆ ತಾಗಿದರೆ ಅನಾನಸ್ ಹೂಬಿಡುತ್ತದೆ ಎಂಬುದನ್ನು ಅಜೋರ್ಸ್ ದ್ವೀಪಗಳ ಬೆಳೆಗಾರರು 19ನೇ ಶತಮಾನದಲ್ಲೇ ಕಂಡುಕೊಂಡಿದ್ದರು. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಕೆಲಸ ಅದು. ಮಾಗಿದ ಸೇಬೂ ಅದನ್ನೇ ಬಿಡುತ್ತದೆ. ಗಿಡದ ಬುಡದಲ್ಲಿ ಎರಡು ಸೇಬು ಇಟ್ಟು, ನೆರಳಿಗೆ ಸರಿಸಿ, ಪ್ಲಾಸ್ಟಿಕ್ ಹೊದಿಸಿ ನಾಲ್ಕು ದಿನ ಕಟ್ಟಿಟ್ಟೆ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸುಳಿಯೊಳಗೆ ಕುಂಕುಮದ ಬೊಟ್ಟಿನಷ್ಟು ಕೆಂಪು! ನಾನು ಕೂಗಿದ್ದಕ್ಕೆ ಕೆಳಗಿನ ಮನೆಯವರೂ ಮೇಲೆ ಬಂದರು. ಆಮೇಲೆ ನೇರಳೆ ಹೂಗಳು, ಕೆಳಗಿನ ಸಾಲಿನಿಂದ ಮೇಲಕ್ಕೆ, ದಿನಕ್ಕಿಷ್ಟು. ಒಂದೊಂದು ಹೂವೂ ಹಣ್ಣಿನ ಒಂದೊಂದು ಕಣ್ಣು. ನೂರಕ್ಕೂ ಮಿಕ್ಕಿದ ಹೂಗಳು ಕೂಡಿ ಒಂದು ಹಣ್ಣು.

ಈಗ ಐದು ತಿಂಗಳಾಗಿದೆ. ಮುಷ್ಟಿಗಿಂತ ತುಸು ದೊಡ್ಡದು, ಬುಡದ ಎರಡು ಸಾಲು ಹೊಂಬಣ್ಣಕ್ಕೆ ತಿರುಗಿದೆ. ಕೀಳಲೇ ಎಂದು ಚಿಕ್ಕಮ್ಮನನ್ನು ಕೇಳಿದೆ.

"ಅರ್ಧಕ್ಕಾದ್ರೂ ಬಣ್ಣ ಏರ್ಲಿ. ಕಿತ್ತ ಮೇಲೆ ಸಿಹಿ ಹೆಚ್ಚಲ್ಲ ಅದು. ಕಂದು ಬಂದಿದ್ಯಾ?"

ಒಂದು ಗಿಡಕ್ಕೆ ಒಂದೇ ಹಣ್ಣು, ಆಮೇಲೆ ಗಿಡ ಮುದಿಯಾಗಿ ಒಣಗುತ್ತದೆ; ಮುಂದಕ್ಕೆ ಉಳಿಯುವುದು ಅದರ ಪಕ್ಕದಲ್ಲಿ ಒಡೆಯುವ ಮರಿ, ಅದೇ ಕಂದು. ಬಗ್ಗಿ ನೋಡಿದೆ. ಎಲೆಗಳ ಸಂದಿಯಲ್ಲಿ ಎರಡು. ಸುಳಿ ಹಿಡಿದು ಮೆಲ್ಲಗೆ ಎಳೆದೆ. ಗಟ್ಟಿಯಿತ್ತು.

"ಎರಡಿದೆ ಚಿಕ್ಕಮ್ಮಾ."

"ಒಂದು ಅಲ್ಲೇ ಇರ್ಲಿ. ಇನ್ನೊಂದು ನಾ ಬಂದಾಗ ಕೊಡು, ನಮ್ಮ ಹಿತ್ತಿಲಿಗೆ."