ಶಂಷಾಬಾದ್ ಗೇಟಿನಲ್ಲಿ ಹುಡಗಿಯ ಬುತ್ತಿ

ನಮ್ಮೂರು ಹುಡಗಿಯಿಂದ ಬೆಂಗಳೂರಿಗೆ ಹೋಗೋದು ಅಂದ್ರೆ ಒಂದು ದಿನದ ಕೆಲಸ. 2020ರಲ್ಲಿ ಬೀದರ್‌ನಿಂದಲೂ ವಿಮಾನ ಶುರುವಾಯಿತು. ಆದರೆ ಅಲ್ಲಿನ ಸಮಯ ನನ್ನ ರಜೆಗೆ ಹೊಂದೋದು ಅಪರೂಪ. ಹಾಗಾಗಿ ಹುಮನಾಬಾದ್ ಕಡೆಯಿಂದ ಹೆದ್ದಾರಿ 65 ಹಿಡಿದು, ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಹೈದರಾಬಾದಿನ ಔಟರ್ ರಿಂಗ್ ರೋಡ್ ಮೇಲೆ ಶಂಷಾಬಾದ್ ತಲುಪುತ್ತೇನೆ. ಸೆಕ್ಯುರಿಟಿ ಮುಗಿಯುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿರುತ್ತದೆ.

ಆಗ ಕಣ್ಣಿಗೆ ಮೊದಲು ಬೀಳೋದು ಬರ್ಗರ್, ಪಫ್ಸ್, ಕ್ರೀಮ್ ಹಾಕಿದ ಕೋಲ್ಡ್ ಕಾಫಿ. ಎಷ್ಟೋ ವರ್ಷ ನಾನೂ ಅದನ್ನೇ ತಿಂದೆ. ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ನನಗೆ ಮೂವತ್ತು. ಅಪ್ಪ ಶುಗರ್ ಗುಳಿಗೆ ನುಂಗೋದನ್ನು ಕಾಲೇಜಿನ ದಿನಗಳಿಂದ ನೋಡಿದ್ದೇನೆ.

ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೆ ಬಂದಿದ್ದೆ. ಹೊರಡುವಾಗ ಅವ್ವ ಎಂದಿನಂತೆ ಕೇಳಿದಳು, "ತಮ್ಮಾ, ಬುತ್ತಿ ಕಟ್ಟೀನಿ, ಒಯ್ತಿಯೋ ಇಲ್ಲೋ?"

ಪ್ರತಿ ಸಲ "ಬ್ಯಾಡವ್ವ, ಅಲ್ಲೆಲ್ಲಾ ಸಿಗ್ತದ" ಅಂತಿದ್ದೆ. ನಿಜ ಹೇಳಬೇಕಂದ್ರೆ ನಾಚಿಕೆ. ಲ್ಯಾಪ್‌ಟಾಪ್ ಹಿಡಿದು ಕೂತವರ ನಡುವೆ ರೊಟ್ಟಿ ಗಂಟು ಬಿಚ್ಚೋದು ಹೇಗೆ? ಈ ಸಲ ಬೇಡ ಅನ್ನಲಿಲ್ಲ. ಎರಡು ಜೋಳದ ರೊಟ್ಟಿ, ಒಣ ಝುಣಕ, ಒಂದು ಸೌತೆಕಾಯಿ. ಇಂಥ ಗಟ್ಟಿ ತಿನಿಸಿಗೆ ಸೆಕ್ಯುರಿಟಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ತುಪ್ಪ, ಉಪ್ಪಿನಕಾಯಿ ಮಾತ್ರ ದೊಡ್ಡ ಬ್ಯಾಗಿನಲ್ಲಿಟ್ಟು ಚೆಕ್-ಇನ್ ಮಾಡಿದ್ದೆ. ಗೇಟಿನ ಹತ್ತಿರ ಡಬ್ಬಿ ತೆಗೆದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ಅವರವರ ಫೋನಿನಲ್ಲಿತ್ತು!

ಬುತ್ತಿ ಇಲ್ಲದ ದಿನ? ಕಂಪನಿ ಕೆಲಸಕ್ಕೆ ಬೆಂಗಳೂರಿನಿಂದ ಬೆಳಗ್ಗೆ ನಾಲ್ಕಕ್ಕೆ ಹೊರಡುವಾಗ ಯಾರು ರೊಟ್ಟಿ ಬಡೀತಾರೆ? ಅದಕ್ಕೆ ಮೂರು ನಿಯಮ ಮಾಡಿಕೊಂಡಿದ್ದೇನೆ.

ಒಂದು, ಕರಿದದ್ದು ಬಿಟ್ಟು ಬೇಯಿಸಿದ್ದು. ಇಡ್ಲಿ-ಸಾಂಬಾರ್, ಬೇಯಿಸಿದ ಮೊಟ್ಟೆ, ಮೊಸರನ್ನ ಹೆಚ್ಚಿನ ನಿಲ್ದಾಣಗಳಲ್ಲಿ ಸಿಗುತ್ತವೆ. ಸಾಂಬಾರ್ ಜಾಸ್ತಿ, ಇಡ್ಲಿ ಎರಡೇ.

ಎರಡು, ಸಕ್ಕರೆಯನ್ನು ಕುಡಿಯಬಾರದು. ಜ್ಯೂಸ್ ಬದಲು ಮಜ್ಜಿಗೆ, ಕಾಫಿಗೆ "ಸಕ್ಕರೆ ಹಾಕಬೇಡಿ" ಅಂತ ಮೊದಲೇ ಹೇಳೋದು. ಖಾಲಿ ಬಾಟಲಿ ಒಯ್ದರೆ ಒಳಗಿನ ನಲ್ಲಿಯಲ್ಲಿ ನೀರು ತುಂಬಿಸಿಕೊಳ್ಳಬಹುದು. ವಿಮಾನದೊಳಗಿನ ಗಾಳಿ ಬಹಳ ಒಣ, ನೀರು ಬೇಕೇ ಬೇಕು.

ಮೂರು, ಹಾರುವ ಮುಂಚೆ ಸೋಡಾ, ಕೋಲಾ ಬೇಡ. ಮೇಲೆ ಹೋದಂತೆ ಕ್ಯಾಬಿನ್ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಒತ್ತಡ ಇಳಿದರೆ ಗ್ಯಾಸ್ ಹಿಗ್ಗುತ್ತದೆ, ಹೊಟ್ಟೆಯೊಳಗಿನದ್ದೂ. ಬಾಯ್ಲ್ ನಿಯಮ ಪಿಯುಸಿಯಲ್ಲಿ ಓದಿದ್ದೆ, ಅರ್ಥವಾದದ್ದು ಕಿಟಕಿ ಸೀಟಿನಲ್ಲಿ.

ಆರು ತಿಂಗಳ ನಂತರದ ಟೆಸ್ಟಿನಲ್ಲಿ 5.8 ಬಂತು. ರೊಟ್ಟಿಯೊಂದೇ ಕಾರಣ ಅನ್ನಲಾರೆ, ಸಂಜೆ ನಡಿಗೆಯೂ ಇತ್ತು. ಫೋನಿನಲ್ಲಿ ಹೇಳಿದರೆ ಅವ್ವನಿಗೆ ಆ ನಂಬರ್ ತಿಳಿಯಲಿಲ್ಲ. "ಕಮ್ಮಿ ಆಗ್ಯಾದಲ್ಲ? ಹಂಗಾರ ಮುಂದಿನ ಸಲ ನಾಕ್ ರೊಟ್ಟಿ ಕಟ್ತೀನಿ" ಅಂದಳು.

ಎರಡೇ ಸಾಕವ್ವ ಅಂದೆ. ನಾಲ್ಕು ಕಟ್ಟೇ ಕಟ್ಟುತ್ತಾಳೆ. ಉಳಿದ ಎರಡು ಪಕ್ಕದ ಸೀಟಿನವರಿಗೆ.