ಅಮ್ಮನ ಕೌದಿ, ಕೆಂಚನ ಉಚ್ಚೆ

ನಮ್ಮ ಮನೆ ಬೆಕ್ಕು ಕೆಂಚ ಅಮ್ಮನ ಕೌದಿ ಮೇಲೆ ಉಚ್ಚೆ ಹೊಯ್ದದ್ದು ಅಮ್ಮ ಅಮೆರಿಕಕ್ಕೆ ಬಂದ ಒಂಬತ್ತನೇ ದಿನ.

ಅದೇನು ಅಂಗಡಿಯಿಂದ ತಂದ ಕೌದಿಯಲ್ಲ. ಅಜ್ಜಿಯ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಮ್ಮ ಕೈಯಲ್ಲೇ ಹೊಲಿದದ್ದು. ಸೂಟ್‌ಕೇಸಿನ 23 ಕೆಜಿ ಲೆಕ್ಕದಲ್ಲಿ ಚಟ್ನಿಪುಡಿ, ಹಪ್ಪಳ ಎಲ್ಲ ಕಡಿಮೆ ಮಾಡಿ ಅದನ್ನು ತಂದಿದ್ದಳು. ಒದ್ದೆಯಾದ ಮೂಲೆಯನ್ನು ಹಿಡಿದುಕೊಂಡು, "ನಿನ್ನ ಬೆಕ್ಕಿಗೆ ನಾನು ಬಂದಿದ್ದು ಇಷ್ಟ ಆಗ್ಲಿಲ್ಲ ಕಣೇ" ಅಂತ ನಕ್ಕಳು. ನಾನೂ ನಕ್ಕೆ. "ಹಾಗೇನಿಲ್ಲಮ್ಮ" ಅನ್ನಬೇಕಿತ್ತು. ಅನ್ನಲಿಲ್ಲ. ಯಾಕಂದ್ರೆ ನನಗೂ ಹಾಗೇ ಅನ್ನಿಸಿತ್ತು.

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಅಮ್ಮನಿಗೆ ಕೊಟ್ಟ ಕೋಣೆ ಅಲ್ಲಿಯವರೆಗೆ ಕೆಂಚನದಾಗಿತ್ತು. ಅವನ ಲಿಟರ್ ಬಾಕ್ಸ್ ಇದ್ದದ್ದೂ ಅಲ್ಲೇ. ಅಮ್ಮ ಮಲಗುವ ಕಡೆ ಅದೆಲ್ಲ ಬೇಡ ಅಂತ ಬಾಕ್ಸನ್ನು ತೆಗೆದು ಬಟ್ಟೆ ಒಣಗಿಸುವ ಡ್ರೈಯರ್ ಪಕ್ಕ ಇಟ್ಟಿದ್ದೆ. ಐದು ವರ್ಷದಿಂದ ಒಂದು ದಿನವೂ ಹೊರಗೆ ಮಾಡದಿದ್ದ ಕೆಂಚ, ಆ ವಾರ ಕೌದಿ ಆದ ಮೇಲೆ ಒಗೆಯುವ ಬಟ್ಟೆಯ ಬುಟ್ಟಿಗೆ, ಆಮೇಲೆ ಸ್ನಾನದ ಟಬ್ಬಿಗೆ ಹೋದ. ಹೊಯ್ದದ್ದೂ ಸ್ವಲ್ಪ ಸ್ವಲ್ಪವೇ. ಪ್ರತಿ ಸಲವೂ ಬೈದೆ. ಶನಿವಾರ ರಾತ್ರಿ ಸಿಟ್ಟು ತಡೆಯಲಾರದೆ ಅವನನ್ನೂ ಬಾಕ್ಸನ್ನೂ ಬಾತ್‌ರೂಮಿಗೆ ಹಾಕಿ ಬಾಗಿಲು ಎಳೆದೆ. ಒಳಗಿಂದ ಸುಮಾರು ಹೊತ್ತು ಕೂಗಿದ. ಆಮೇಲೆ ಸುಮ್ಮನಾದ. ಸದ್ಯ ಬುದ್ಧಿ ಬಂತು ಅಂದುಕೊಂಡು ಮಲಗಿದೆ.

ಬೆಳಗ್ಗೆ ಮೊದಲು ಬಾಗಿಲು ತೆಗೆದವಳು ಅಮ್ಮ.

"ಲೇ, ಬಾ ಇಲ್ಲಿ. ಇವ್ನು ತುಂಟಾಟ ಮಾಡ್ತಿಲ್ಲ. ಕೂತ್ಕೊಂಡು ತಿಣುಕ್ತಾನೆ, ಒಂದು ಹನಿ ಬರ್ತಿಲ್ಲ. ಮೂತ್ರ ಕಟ್ಟಿದೆ."

ನಿನಗೆ ಹೇಗೆ ಗೊತ್ತು ಅಂದೆ. "ನಮ್ಮ ಎತ್ತಿಗೆ ಆಗಿತ್ತಲ್ಲ" ಅಂದಳು.

ತಿಪಟೂರು ಕಡೆಯ ನಮ್ಮೂರಲ್ಲಿ ನಾನು ಹುಟ್ಟುವ ಮೊದಲು ನಡೆದದ್ದು. ಜೋಡಿಯಲ್ಲಿ ಒಂದು ಎತ್ತು ಇಡೀ ದಿನ ಬಾಲ ಎತ್ತಿಕೊಂಡು ತಿಣುಕಿತಂತೆ, ಹಿಂಗಾಲಲ್ಲಿ ಹೊಟ್ಟೆಗೆ ಒದ್ದುಕೊಂಡಿತಂತೆ. ಮಾರನೇ ದಿನ ಸುಮ್ಮನೆ ನಿಂತಿತು. ಗುಣವಾಯಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ನೋವು ನಿಂತಿದ್ದು ಒಳಗೆ ಮೂತ್ರಕೋಶ ಒಡೆದಿದ್ದರಿಂದ. ಅಪ್ಪ ಸಾಲ ಹೊಂದಿಸಿ, ಪೇಟೆಯಿಂದ ಡಾಕ್ಟರನ್ನು ಕರೆತರುವ ಹೊತ್ತಿಗೆ ಎತ್ತು ನೆಲ ಹಿಡಿದಿತ್ತು.

"ಕೂಗೋವರೆಗೂ ಪರವಾಗಿಲ್ಲ ಕಣೇ. ಸುಮ್ಮನಾದ್ರೆ ಭಯ."

ರಾತ್ರಿ ಕೆಂಚ ಸುಮ್ಮನಾದದ್ದು ನೆನಪಾಗಿ ನನ್ನ ಕೈಕಾಲು ತಣ್ಣಗಾಯಿತು.

ಭಾನುವಾರ ತೆರೆದಿರುವುದು ಎಮರ್ಜೆನ್ಸಿ ಆಸ್ಪತ್ರೆ ಒಂದೇ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮೂತ್ರಕೋಶ ಕಿತ್ತಳೆ ಹಣ್ಣಿನ ಹಾಗೆ ಗಟ್ಟಿಯಾಗಿದೆ, ಪುಣ್ಯಕ್ಕೆ ಒಡೆದಿಲ್ಲ ಅಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಉರಿಯೂತದಿಂದ ಬಂದ ಲೋಳೆ, ಸಣ್ಣ ಹರಳುಗಳು ಸೇರಿ ಬಿರಡೆಯ ಹಾಗೆ ಕೂತುಬಿಡುತ್ತವೆ. ಮೂತ್ರ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬಾಕ್ಸಿನಲ್ಲಿ ಕೂತಾಗೆಲ್ಲ ನೋವಾಗುವುದರಿಂದ ಬೆಕ್ಕು ಬಾಕ್ಸನ್ನೇ ಅಪರಾಧಿ ಅಂದುಕೊಂಡು ಮೆತ್ತಗಿನ ಜಾಗ, ತಣ್ಣಗಿನ ಜಾಗ ಹುಡುಕುತ್ತದಂತೆ. ನಾನು ಹಟ ಅಂದುಕೊಂಡದ್ದು ಅವನಿಗೆ ಪರಿಹಾರದ ಹುಡುಕಾಟ.

ಆಮೇಲೆ ಅಂದಾಜು ಖರ್ಚಿನ ಕಾಗದ ಬಂತು. 3,200 ಡಾಲರ್. ಅಮ್ಮ ಎಷ್ಟಂತೆ ಅಂದಳು. ನನ್ನ ಗಂಡ ರೂಪಾಯಿಯಲ್ಲಿ ಹೇಳಿಬಿಟ್ಟ. "ಎರಡೂವರೆ ಲಕ್ಷದ ಮೇಲಾ? ಬೆಕ್ಕಿಗಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ, "ಕಟ್ಟು. ಅವತ್ತು ನಿಮ್ಮಪ್ಪನ ಕೈಲಿ ಇರ್ಲಿಲ್ಲ. ಇರೋವಾಗ ಕಟ್ಟು" ಅಂದಳು.

ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕಿ ಎರಡು ರಾತ್ರಿ ಅಲ್ಲೇ ಇಟ್ಟುಕೊಂಡರು. ಕರೆದುಕೊಂಡು ಬರಲು ಹೋದ ದಿನ ಡಾಕ್ಟರಮ್ಮ ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಯಿತೇ ಅಂತ ಕೇಳಿದರು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು.

"ನಾನು ಬಂದಿದ್ದಕ್ಕೇ ಅಲ್ವಾ? ಕೇಳು ಅವ್ರನ್ನ."

ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಹೊಸಬರು ಬರುವುದೂ ಬೆಕ್ಕಿಗೆ ಒತ್ತಡವೇ. ಬಾಕ್ಸನ್ನು ಸದ್ದು ಮಾಡುವ ಮೆಷೀನಿನ ಪಕ್ಕ ಇಟ್ಟದ್ದೂ ಒತ್ತಡವೇ. ಬರೀ ಒಣ ಆಹಾರ, ಕಡಿಮೆ ನೀರು, ಮನೆಯೊಳಗೇ ಕೂತು ಬಂದ ಬೊಜ್ಜು, ಎಲ್ಲವೂ ಸೇರಿರಬಹುದು. ಇಂಥದ್ದೇ ಕಾರಣ ಅಂತ ಬೆರಳು ಮಾಡುವುದು ಕಷ್ಟ ಅಂದರು. ಅಷ್ಟನ್ನೂ ಅಮ್ಮನಿಗೆ ಹೇಳಿ, ಕೊನೆಗೆ ನನ್ನದೊಂದು ಮಾತು ಸೇರಿಸಿದೆ: "ಬಾಕ್ಸ್ ಜಾಗ ಬದಲಾಯಿಸಿದ್ದು ನಾನು, ಅಮ್ಮ. ನೀನಲ್ಲ."

ಆ ಸಂಜೆ ಗಂಡ ಮೆಲ್ಲಗೆ ಹೇಳಿದ. ಹಿಂದಿನ ವಾರ ಅಮ್ಮ ಅವನ ಹತ್ತಿರ, ಟಿಕೆಟ್ ಮುಂಚೆ ಮಾಡಿಸೋಕೆ ಎಷ್ಟು ಕೊಡಬೇಕು ಅಂತ ವಿಚಾರಿಸಿದ್ದಳಂತೆ. ನನಗೆ ಹೇಳಬೇಡಿ ಅಂದಿದ್ದಳಂತೆ. ಕೆಂಚ ಬಾಯಿಲ್ಲದ ಪ್ರಾಣಿ, ಸರಿ. ಬಾಯಿರುವ ಅಮ್ಮ ಒಂದೇ ಸೂರಿನ ಕೆಳಗೆ ಇಷ್ಟು ನೋವು ನುಂಗಿಕೊಂಡಿದ್ದು ನನಗೆ ಗೊತ್ತಾಗಲಿಲ್ಲವಲ್ಲ! ಅವಳು ಕಾದಿದ್ದು ನನ್ನ ಒಂದು "ಹಾಗೇನಿಲ್ಲಮ್ಮ"ಗೆ.

ಬಾಕ್ಸ್ ವಾಪಸ್ ಅಮ್ಮನ ಕೋಣೆಗೆ ಹೋಯಿತು, ಅವಳೇ ಹೇಳಿ ಇಡಿಸಿದಳು. ಹಾಲಿನಲ್ಲಿ ಇನ್ನೊಂದು ಬಂತು. ಡಬ್ಬಿಯ ಮೆತ್ತನೆ ಆಹಾರಕ್ಕೆ ನೀರು ಕಲಸಿ ಹಾಕುವ ಕೆಲಸವನ್ನು ಅಮ್ಮ ವಹಿಸಿಕೊಂಡಳು. ಕೌದಿಯ ನಾತ ಸೋಪಿಗೆ ಬಗ್ಗಲಿಲ್ಲ. ಎಂಜೈಮ್ ಇರುವ ಕ್ಲೀನರ್ ಹಾಕಿ ನೆನೆಸಿಟ್ಟ ಮೇಲೆ ಹೋಯಿತು.

ಬೆಕ್ಕು ಸಾಕಿರುವವರಿಗೆ ಒಂದು ಮಾತು. ಬಾಕ್ಸ್ ಬಿಟ್ಟು ಹೊರಗೆ ಮಾಡಿದರೆ ಬೈಯುವ ಮೊದಲು ಡಾಕ್ಟರಿಗೆ ತೋರಿಸಿ. ಗಂಡು ಬೆಕ್ಕು ಪದೇ ಪದೇ ಕೂತು ತಿಣುಕುತ್ತಿದ್ದು ಏನೂ ಬರುತ್ತಿಲ್ಲವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಾರ್ಚಿನಲ್ಲಿ ಅಮ್ಮ ಊರಿಗೆ ಹೋದಳು, ಪೂರ್ತಿ ಆರು ತಿಂಗಳು ಇದ್ದೇ ಹೋದಳು. ಕೌದಿಯನ್ನು ಇಲ್ಲೇ ಬಿಟ್ಟಳು. ಈಗ ಅದರ ಮೇಲೆ ಕೆಂಚ ಮಲಗುತ್ತಾನೆ. ದಿನಾ ರಾತ್ರಿ ವಾಟ್ಸಾಪ್‌ನಲ್ಲಿ ಅಮ್ಮನ ಮುಖ ಕಾಣುತ್ತದೆ. ಊಟ ಆಯ್ತಾ ಅಂತ ಕೇಳುವುದು ಆಮೇಲೆ. ಮೊದಲ ಪ್ರಶ್ನೆ:

"ಉಚ್ಚೆ ಹೊಯ್ದ್ನೇನೇ ಅವ್ನು?"