ಜೋಳದ ನಾಡಿನಲ್ಲಿ ಕಾವಿಗೆ ಕೂತ ಹಕ್ಕಿ

ಇಂಡಿ ದಾಟಿ ಭೀಮಾ ನದಿಯ ಕಡೆ ಹೊರಟಿದ್ದೀರಿ. ರಸ್ತೆಯ ಎರಡೂ ಬದಿಗೆ ಲಿಂಬೆ ತೋಟ, ಅದರಾಚೆ ಎರೆ ಹೊಲದಲ್ಲಿ ಆಳೆತ್ತರದ ಹಿಂಗಾರಿ ಜೋಳ. ಎಳ್ಳ ಅಮಾವಾಸ್ಯೆ ಇನ್ನೇನು ಬಂತು. ಹೊಲದ ಅಂಚಿನ ಮನೆಯೊಂದರ ಮುಂದೆ ಗಾಡಿ ನಿಲ್ಲಿಸುತ್ತೀರಿ. ಕಾಲೇಜು ಓದುವ ಹುಡುಗಿಯೊಬ್ಬಳು ಬಾಗಿಲಿಗೆ ಬರುತ್ತಾಳೆ.

"ಬರ್ರಿ, ಚಪ್ಪಲ್ ಅಲ್ಲೇ ಬಿಡ್ರಿ. ದನಿ ಸಣ್ಣದಿರ್ಲಿ, ಗಂಡು ಕಾವಿಗೆ ಕುಂತದ."

ಪಡಸಾಲೆಯ ಮೂಲೆಯಲ್ಲಿ ದೊಡ್ಡ ಪಂಜರ. ಅದಕ್ಕೆ ಬಿಗಿದ ಒಂದಡಿ ಉದ್ದಗಲದ ಮರದ ಪೆಟ್ಟಿಗೆ, ಪೆಟ್ಟಿಗೆಗೆ ದುಂಡನೆಯ ಕಿಂಡಿ. ನಿಮ್ಮ ನೆರಳು ಬಿದ್ದೊಡನೆ ಕಿಂಡಿಯಲ್ಲಿ ಹಳದಿ ಮುಖವೊಂದು ಏಳುತ್ತದೆ. ಕೆನ್ನೆಗಳ ಮೇಲೆ ಕಿತ್ತಳೆ ಬಣ್ಣದ ದುಂಡು ಬೊಟ್ಟು, ತಲೆಯ ಮೇಲೆ ಸೆಟೆದು ನಿಂತ ಜುಟ್ಟು. 'ಹಿಸ್ಸ್' ಎಂದು ಗದರಿಸಿ ಮತ್ತೆ ಒಳಗಿಳಿಯುತ್ತದೆ. ಕಾಕಟೀಲ್ ಜೋಡಿಯಲ್ಲಿ ಹಗಲು ಹೆಚ್ಚಾಗಿ ಗಂಡು ಕಾವಿಗೆ ಕೂರುತ್ತದೆ, ರಾತ್ರಿ ಹೆಣ್ಣು. ಹೊತ್ತು ಮುಳುಗುವತನಕ ತಾಳಿದರೆ ಪಾಳಿ ಬದಲಾಗುವುದನ್ನು ನೀವೇ ನೋಡಬಹುದು.

ಕೊಟ್ಟಿಗೆಗೆ ದನಗಳು ಮರಳುವ ಹೊತ್ತಿಗೆ ಹೆಣ್ಣು ಹಕ್ಕಿ ಅಗಲವಾದ ನೀರಿನ ತಟ್ಟೆಗೆ ಇಳಿದು ಎದೆ ತೋಯಿಸಿಕೊಳ್ಳುತ್ತದೆ. ಮೈ ಕೊಡವುತ್ತದೆ, ಆದರೆ ಹೊಟ್ಟೆಯ ಗರಿಗಳ ಪಸೆ ಆರುವ ಮೊದಲೇ ಕಿಂಡಿ ಹೊಗುತ್ತದೆ. ಆ ಪಸೆಗೆ ಇಲ್ಲಿ ದೊಡ್ಡ ಬೆಲೆಯುಂಟು. ಚಳಿಗಾಲದ ಒಣ ಗಾಳಿಗೆ ಮೊಟ್ಟೆಯೊಳಗಿನ ಪೊರೆ ಬಿರುಸಾದರೆ ಮರಿ ಚಿಪ್ಪು ಒಡೆದರೂ ಪೊರೆಗೆ ಅಂಟಿ ಒಳಗೇ ಸಾಯುತ್ತದೆ. ಅದಕ್ಕೇ ಹುಡುಗಿ ಬೆಳಗು ಸಂಜೆ ತಟ್ಟೆಯ ನೀರು ಬದಲಿಸುತ್ತಾಳೆ. ಮೊಟ್ಟೆಯ ಮೇಲೆ ನೀರು ಚಿಮುಕಿಸುವುದಿಲ್ಲ. ಎಷ್ಟು ತೇವ ಬೇಕೆಂಬುದನ್ನು ಹಕ್ಕಿಗೇ ಬಿಟ್ಟಿದ್ದಾಳೆ.

ಗಂಡು ಹೊರಬಂದು ನವಣೆಯ ಬಟ್ಟಲಿಗೆ ಹಾರುತ್ತದೆ. ಹೆಣ್ಣು ಒಳಹೊಕ್ಕರೂ ಇನ್ನೂ ಮೊಟ್ಟೆಗಳ ಮೇಲೆ ಕೂತಿಲ್ಲ. ಆ ಎಡೆಯಲ್ಲಿ ಹುಡುಗಿ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾಳೆ. ಮರದ ಹೊಟ್ಟಿನ ನಡುವೆ ಐದು ಬಿಳಿ ಮೊಟ್ಟೆ, ಇಂಡಿಯ ಲಿಂಬೆಕಾಯಿಗಿಂತ ಸಣ್ಣವು. ಛಟ್ಟಿ ಅಮಾವಾಸ್ಯೆಯ ನಂತರ ದಿನ ಬಿಟ್ಟು ದಿನ ಒಂದೊಂದರಂತೆ ಇಟ್ಟವು. ಎರಡನೆಯ ಮೊಟ್ಟೆ ಬಂದ ಮೇಲೆಯೇ ಜೋಡಿ ಬಿಡದೆ ಕೂತದ್ದು. ಅಲ್ಲಿಂದ 18ರಿಂದ 21 ದಿನಗಳ ಲೆಕ್ಕ.

ತೊಳೆದು ಒರೆಸಿದ ಬೆರಳುಗಳಲ್ಲಿ ಒಂದು ಮೊಟ್ಟೆ ಹಿಡಿದು ಕೆಳಗಿನಿಂದ ಮೊಬೈಲ್ ಬೆಳಕು ಬಿಡುತ್ತಾಳೆ. ಚಿಪ್ಪು ಹೊಳೆಯುತ್ತದೆ. ಒಳಗೆ ಕವಲೊಡೆದ ಕೆಂಪು ನಾಳಗಳು, ನಡುವೆ ಕಪ್ಪು ಗಂಟು. ಅದು ಕೊನೆಯ ಮೊಟ್ಟೆ, ಇನ್ನೂ ಬೆಳೆಯುತ್ತಿದೆ. ಮೊದಲನೆಯದನ್ನು ಎತ್ತುತ್ತಾಳೆ. ಅದು ಪೂರ್ತಿ ಕಪ್ಪಾಗಿದೆ, ದಪ್ಪ ತುದಿಯಲ್ಲಷ್ಟೇ ಗಾಳಿಯ ಕೋಣೆ ಬೆಳ್ಳಗೆ. ಅವಳು ಅದನ್ನು ನಿಮ್ಮ ಕಿವಿಯ ಬಳಿ ತರುತ್ತಾಳೆ. ಉಸಿರು ಬಿಗಿಹಿಡಿಯಿರಿ. ಚಿಕ್, ಚಿಕ್. ಚಿಪ್ಪಿನೊಳಗಿಂದ ಸಣ್ಣ ಬಡಿತ, ಅದರ ಹಿಂದೆಯೇ ಎಳೆಯ ಕೂಗು.

"ಮುತ್ಯಾ, ಕೇಳಿಲ್ಲಿ!"

ಕಟ್ಟೆಯ ಮೇಲಿದ್ದ ಮುದುಕ ಎದ್ದು ಬರುತ್ತಾನೆ. ಕಿವಿಗೊಡುತ್ತಾನೆ. "ಜೀವ ಅದ, ಯವ್ವಾ. ಜಲ್ದಿ ಇಟ್ಟುಬಿಡು, ತಣ್ಣಗಾದೀತು."

ಆ ರಾತ್ರಿ ನೀವು ಪಡಸಾಲೆಯಲ್ಲೇ ಮಲಗುತ್ತೀರಿ. ನಡುರಾತ್ರಿ ಕರೆಂಟ್ ಹೋಗುತ್ತದೆ. ಥಟ್ಟನೆ ಪಂಜರದಲ್ಲಿ ರೆಕ್ಕೆಗಳ ಬಡಿದಾಟ. ಕತ್ತಲಲ್ಲಿ ಬೆಚ್ಚಿಬೀಳುವುದು ಈ ಹಕ್ಕಿಯ ಹುಟ್ಟುಗುಣ. ಗೂಡಿನಲ್ಲಿ ಹೀಗೆ ಒದ್ದಾಡಿದರೆ ಮೊಟ್ಟೆ ಒಡೆಯುತ್ತದೆ. ಬ್ಯಾಟರಿಯ ಸಣ್ಣ ದೀಪ ಹೊತ್ತಿಸಿ ಹುಡುಗಿ ಮೆಲ್ಲಗೆ ಸಿಳ್ಳೆ ಹಾಕುತ್ತಾಳೆ. ಒಳಗಿನಿಂದ ಮರುಸಿಳ್ಳೆ. ಇವತ್ತು ಬೆದರಿದ್ದು ಹೊರಗಿನ ಗಂಡು. ಪೆಟ್ಟಿಗೆಯಲ್ಲಿ ಹೆಣ್ಣು ಕದಲಿಲ್ಲ.

ಬೆಳಗ್ಗೆ ಚಿಪ್ಪಿನ ಮೇಲೆ ನಕ್ಷತ್ರದಂತೆ ಬಿರುಕು. ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಮರಿ ಒಳಗಿನಿಂದ ಕುಟ್ಟುತ್ತಿದೆ. ಮಧ್ಯಾಹ್ನವಾದರೂ ಬಿರುಕು ಅಷ್ಟೇ ಇದೆ. ಉಗುರಿನಿಂದ ಒಂದು ಚೂರು ಕಿತ್ತರೆ ಹೊರಬಂದೀತಲ್ಲ ಎಂದು ನಿಮಗನ್ನಿಸುತ್ತದೆ. ಬೇಡ. ಈ ಹೊತ್ತಿನಲ್ಲಿ ಮರಿ ಶ್ವಾಸಕೋಶದಿಂದ ಉಸಿರಾಡುವುದನ್ನು ಕಲಿಯುತ್ತಿರುತ್ತದೆ. ಪೊರೆಯ ನಾಳಗಳ ರಕ್ತವೂ ಮೊಟ್ಟೆಯ ಉಳಿದ ಹಳದಿ ಭಾಗವೂ ಅದರ ಮೈಗೆ ಸೇರಿಕೊಳ್ಳುತ್ತಿರುತ್ತವೆ. ಅವಸರದಲ್ಲಿ ಕಿತ್ತರೆ ರಕ್ತ ಸೋರುತ್ತದೆ. ಮೊದಲ ಬಿರುಕಿನಿಂದ ಹೊರಬರುವತನಕ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ.

ಕಾಯುತ್ತ ನೀವು ಮುತ್ಯಾನ ಜೊತೆ ಹೊಲಕ್ಕೆ ಹೋಗುತ್ತೀರಿ. ಅವನ ಹೆಗಲ ಮೇಲೆ ಕವಣೆ. ಅಟ್ಟಣಿಗೆ ಏರಿ ನಿಂತು ಬೀಸಿದರೆ ಕಲ್ಲು ಸುಯ್ಯೆಂದು ಹಾರಿ, ತೆನೆಯ ಮೇಲಿನ ಹಕ್ಕಿಗಳ ಹಿಂಡು ಮುಗಿಲಿಗೇಳುತ್ತದೆ. ಮನೆಯಲ್ಲಿ ಕಾವಿಗೆ ಕೂತಿರುವುದೂ ಇದೇ ಕಸುಬಿನ ಹಕ್ಕಿ. ಆಸ್ಟ್ರೇಲಿಯಾದ ಒಣ ಒಳನಾಡು ಅದರ ತವರು. ಮಳೆ ಬಿದ್ದು ಹುಲ್ಲು ಕಾಳುಗಟ್ಟಿದಾಗ ನೀರಿನ ಹತ್ತಿರದ ಮರದ ಪೊಟರೆ ಹುಡುಕಿ ಮೊಟ್ಟೆಯಿಡುತ್ತದೆ. ಅಲ್ಲಿನ ರೈತರ ಜೋಳಕ್ಕೂ ಸೂರ್ಯಕಾಂತಿಗೂ ಹಿಂಡುಗಟ್ಟಿ ಎರಗುತ್ತದೆ. 1960ರ ಹೊತ್ತಿಗೆ ಆ ದೇಶ ತನ್ನ ಕಾಡುಹಕ್ಕಿಗಳ ರಫ್ತು ನಿಲ್ಲಿಸಿತು. ಇಂದು ನಮ್ಮ ಮನೆಗಳಲ್ಲಿರುವವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಆದರೆ ನಮ್ಮ ಹಸಿರು ಗಿಳಿಯನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅದು ಕಾಡಿನದು, ಕಾಡಲ್ಲೇ ಇರಬೇಕು.

ಪಂಜರದಲ್ಲಿ ಹುಟ್ಟಿದರೂ ಹಕ್ಕಿಯ ಮೈಯಲ್ಲಿ ತವರಿನ ಋತು ಉಳಿದಿದೆ. ಅದು ಈ ಸೀಮೆಯ ಋತುವಿಗೆ ಸಲೀಸಾಗಿ ಹೊಂದುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ, ಡೋಣಿ ನದಿ ಸೀಮೆಯ ಬಾಗೇವಾಡಿ, ಮುದ್ದೇಬಿಹಾಳದ ಎರೆ ನೆಲವಿರಲಿ, ಸಿಂದಗಿಯ ಬಯಲಿರಲಿ, ಹಿಂಗಾರಿ ಮಳೆಯಿಂದ ಸುಗ್ಗಿಯವರೆಗಿನ ತಿಂಗಳುಗಳೇ ಇಲ್ಲಿ ಮರಿ ಮಾಡಿಸಲು ತಕ್ಕ ಕಾಲ.

ಅಮಾವಾಸ್ಯೆಯ ಬೆಳಗು. ಅಡುಗೆಮನೆಯಿಂದ ಸಜ್ಜಿ ರೊಟ್ಟಿ ಬಡಿಯುವ ಸದ್ದು, ಎಣ್ಣೆಗಾಯಿಯ ವಾಸನೆ. ಹುಡುಗಿ ಮುಚ್ಚಳ ಎತ್ತಿ ಸುಮ್ಮನೆ ನಿಮ್ಮತ್ತ ತಿರುಗುತ್ತಾಳೆ. ಚಿಪ್ಪು ಎರಡು ಹೋಳಾಗಿ ಬಿದ್ದಿದೆ. ಪಕ್ಕದಲ್ಲಿ ಹಳದಿ ತುಪ್ಪುಳಿನ ಮರಿ, ಕಣ್ಣು ಮುಚ್ಚಿದೆ, ತಲೆಯ ಭಾರಕ್ಕೆ ಕತ್ತು ತೂಗಾಡುತ್ತಿದೆ. ತಾಯಿ ಅದರ ಕೊಕ್ಕು ಕಚ್ಚಿ ಹಿಡಿದು ತುತ್ತು ಇಳಿಸುತ್ತದೆ. ಕತ್ತಿನ ಬುಡದ ಚೀಲ ತುಂಬಿ ಉಬ್ಬುವುದು ತೆಳು ಚರ್ಮದಡಿ ಕಾಣುತ್ತದೆ. ಹುಡುಗಿ ಮಾತಿಲ್ಲದೆ ನಗುತ್ತಾಳೆ. ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾರೆ, ನೀವೂ ಜೊತೆಗೆ. ಮುತ್ಯಾ ತುಂಬಿನಿಂತ ಜೋಳದ ಸಾಲುಗಳಲ್ಲಿ ಬುತ್ತಿಯ ಅಡುಗೆಯ ಚರಗ ಚೆಲ್ಲುತ್ತಾನೆ. ಅದರಲ್ಲಿ ಹಕ್ಕಿಗಳಿಗೂ ಪಾಲಿದೆ.

ಎರಡನೆಯ ಮರಿ ಮರುದಿನ, ಉಳಿದವು ದಿನ ಬಿಟ್ಟು ದಿನ. ಕೊನೆಯದು ಬರುವಾಗ ಹಿರಿಯದು ಅದರ ಹಲವು ಪಟ್ಟು ತೂಗುತ್ತದೆ. ತುಳಿತಕ್ಕೆ ಸಿಗುವ, ತುತ್ತು ತಪ್ಪುವ ಆ ಕಿರಿಯದರ ಗಂಟಲ ಚೀಲವನ್ನು ದಿನಾ ನೋಡಬೇಕು. ವಿಜಯಪುರದ ಸಿದ್ಧೇಶ್ವರ ಜಾತ್ರೆ ನೆರೆಯುವ ಸಂಕ್ರಾಂತಿಯ ಹೊತ್ತಿಗೆ ಹಿರಿಯ ಮರಿಗಳು ಕಣ್ಣು ತೆರೆದು ಮೈ ತೂಗುತ್ತ ಗದರಿಸುತ್ತವೆ. ಆಗ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಔಷಧ ಹೊಡೆಯದ ಹೊಲದ ಹಾಲುಗಾಳಿನ ತೆನೆ ಕೊಟ್ಟರೆ ತಂದೆತಾಯಿ ಅದನ್ನೇ ತಿಂದು ಮರಿಗೆ ಉಣಿಸುತ್ತವೆ. ನಾಲ್ಕೈದು ವಾರಕ್ಕೆ ಮರಿ ಗೂಡಿನಿಂದ ಹೊರಬರುತ್ತದೆ. ಶಿವರಾತ್ರಿಯ ಹೊತ್ತಿಗೆ ತಾನೇ ಕಾಳು ಒಡೆದು ತಿನ್ನುತ್ತದೆ. ಅದಕ್ಕೂ ಮೊದಲು ಯಾರು ಕೇಳಿದರೂ ಮರಿ ಕೊಡಬಾರದು.

ಆಮೇಲೆ ಪೆಟ್ಟಿಗೆ ಬಿಚ್ಚಿ ಒಳಗಿಡಿ. ಪೆಟ್ಟಿಗೆ ಇದ್ದರೆ ಹೆಣ್ಣು ಮತ್ತೆ ಮೊಟ್ಟೆಯಿಡುತ್ತದೆ. ಒಂದರ ಹಿಂದೊಂದು ಇಡುತ್ತ ಹೋದರೆ ಮೂಳೆಯ ಸುಣ್ಣ ಬರಿದಾಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯಲೂಬಹುದು. ಮೊಟ್ಟೆಗೆ ಬೇಕಾದ ಕಾವು ಸುಮಾರು 37.5 ಡಿಗ್ರಿ. ಈ ಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಗಾಳಿಯೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಭ್ರೂಣ ಬೆಂದುಹೋಗುತ್ತದೆ. ಮರಿ ಮಾರಿ ನಾಲ್ಕು ಕಾಸು ಹೆಚ್ಚು ಮಾಡುವ ಆಸೆಗೆ ಬೇಸಿಗೆಯಲ್ಲಿ ಜೋಡಿ ಕೂರಿಸಬೇಡಿ. ನೆರಳು, ನೀರು, ಸುಣ್ಣಕ್ಕೆ ಕಟಲ್‌ಬೋನ್ ಇಟ್ಟು ಹಕ್ಕಿಗೆ ಬಿಡುವು ಕೊಡಿ. ಹಿಂಗಾರಿ ಮಳೆ ಬಿದ್ದು ಕೂರಿಗೆ ಹೊಲಕ್ಕಿಳಿದ ಮೇಲೆ ಪೆಟ್ಟಿಗೆಯನ್ನು ಮತ್ತೆ ಕಟ್ಟಿ.